ಆಟಿಸಂ ಮತ್ತು ಮಸಾಜ್: ಕೈಗೆ ಎಟುಕುವುದೆಷ್ಟು?

ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಆ ಮನೆಯವರಿಗೆ ಸಲಹೆ ಕೊಡದವರೇ ಇರುವುದಿಲ್ಲ. ಅಜ್ಜಿ ಹರಳೆಣ್ಣೆ ತಿಕ್ಕಿ ನೀರೆರೆಯಲು ಹೇಳುತ್ತಾರೆ. ಪಕ್ಕದ ಮನೆಯವರು ನರ ನೀವುವವರೊಬ್ಬರ ವಿಳಾಸ ಬರೆದುಕೊಡುತ್ತಾರೆ. ಹತ್ತು ಸಿಟ್ಟಿಂಗ್ ಮುಗಿಯುವಷ್ಟರಲ್ಲಿ ಮಗು ಮಾತಾಡತೊಡಗಿತು ಎನ್ನುವ ವಿಡಿಯೋ ವಾಟ್ಸ್ಯಾಪ್ ಗುಂಪಿಗೆ ಬಂದು ಬೀಳುತ್ತದೆ. ದೊಡ್ಡ ಊರುಗಳಲ್ಲಾದರೆ ಕ್ರೇನಿಯೋಸೇಕ್ರಲ್, ಆಸ್ಟಿಯೋಪಥಿ, ಕೈರೋಪ್ರಾಕ್ಟಿಕ್ ಎಂಬ ಫಲಕಗಳೂ ಕಾಣಿಸುತ್ತವೆ.

ಔಷಧವಿಲ್ಲ, ಸೂಜಿಯಿಲ್ಲ, ಬರೀ ಕೈಯಿಂದ ಮಾಡುವ ಚಿಕಿತ್ಸೆ ಎಂದಾಗ ಹೆತ್ತವರಿಗೆ ನಂಬಿಕೆ ಬೇಗ ಬರುತ್ತದೆ. ಕೆಲವು ಮಕ್ಕಳಿಗೆ ಇದರಿಂದ ನಿಜವಾಗಿಯೂ ಹಿತವಾಗುತ್ತದೆ. ಆದರೆ ಸಿಗುವ ಹಿತ ಸಣ್ಣದು, ಹೇಳಿಕೊಳ್ಳುವ ಮಾತು ಬಹಳ ದೊಡ್ಡದು. ಇವೆರಡರ ನಡುವೆ ಬೆಳೆದುಕೊಂಡಿರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹೆಸರು ಬೇರೆಬೇರೆ ಇದ್ದರೂ ಇವೆಲ್ಲ ಒಂದೇ.

ವಾಸ್ತವ: ಹೆಸರಿನಂತೆ ಹುಟ್ಟು, ನಂಬಿಕೆ, ಅಪಾಯ ಎಲ್ಲವೂ ಬೇರೆಬೇರೆ. ನಮ್ಮ ಎಣ್ಣೆಸ್ನಾನ, ಆಯುರ್ವೇದದ ಅಭ್ಯಂಗ, ಥಾಯ್ ಮಸಾಜ್, ಚೀನೀ ಪದ್ಧತಿಯ ಚಿಗಾಂಗ್ ಮಸಾಜ್ ಇವೆಲ್ಲ ಚರ್ಮ ಮತ್ತು ಮಾಂಸಖಂಡಗಳನ್ನು ನೀವುವ, ಒತ್ತುವ, ತಟ್ಟುವ ಕ್ರಮಗಳು.

ಆಸ್ಟಿಯೋಪಥಿಯನ್ನು ಶುರುಮಾಡಿದವರು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅವರು ಅದಕ್ಕೊಂದು ಶಾಲೆ ತೆರೆದರು. ಅಲ್ಲೇ ಓದಿದ ವಿಲಿಯಂ ಸದರ್ಲೆಂಡ್ ತಲೆಬುರುಡೆಯ ಮೂಳೆಗಳು ಸೂಕ್ಷ್ಮವಾಗಿ ಅಲುಗಾಡುತ್ತವೆ ಎಂದು ವಾದಿಸಿದರು. ಆ ವಾದವನ್ನು 1970ರ ದಶಕದಲ್ಲಿ ಮಿಷಿಗನ್‌ನ ಜಾನ್ ಅಪ್ಲೆಜರ್ ಕ್ರೇನಿಯೋಸೇಕ್ರಲ್ ಥೆರಪಿಯಾಗಿ ಬೆಳೆಸಿ, ಆಟಿಸಂ ಇರುವ ಮಕ್ಕಳ ಮೇಲೂ ಪ್ರಯೋಗಿಸಿದರು. ಕೈರೋಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಯೋವಾದ ಡಿ. ಡಿ. ಪಾಮರ್ ಅವರ ಕೈಯಲ್ಲಿ. ರೋಗಗಳ ಮೂಲ ಬೆನ್ನುಮೂಳೆ ಜರುಗಿರುವುದರಲ್ಲಿದೆ ಎಂಬುದು ಅವರ ನಂಬಿಕೆ.

ಮೈ ನೀವುವುದು ಹಿತಕ್ಕಾಗಿ. ಮೂಳೆ ಸರಿಪಡಿಸುತ್ತೇವೆ ಎನ್ನುವುದು ಆಟಿಸಂಗೆ ಒಂದು ಕಾರಣವನ್ನೇ ಊಹಿಸಿಕೊಂಡು ಮಾಡುವ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ತಪ್ಪು ಕಲ್ಪನೆ 2: ನರ ಬಿಗಿದುಕೊಂಡಿದೆ, ಬಿಡಿಸಿದರೆ ಆಟಿಸಂ ಹೋಗುತ್ತದೆ.

ವಾಸ್ತವ: ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಅದರ ಬೇರು ಮಗು ಹುಟ್ಟುವ ಮೊದಲೇ ಇರುತ್ತದೆ. ವಂಶವಾಹಿಗಳ ಪಾತ್ರ ಅದರಲ್ಲಿ ದೊಡ್ಡದು. ಬೆರಳಿನಿಂದ ಬಿಡಿಸಬಹುದಾದ ಗಂಟು ಕತ್ತಿನಲ್ಲಿ, ಬೆನ್ನಿನಲ್ಲಿ ಅಥವಾ ನೆತ್ತಿಯಲ್ಲಿ ಎಲ್ಲಿಯೂ ಇಲ್ಲ.

ಕ್ರೇನಿಯೋಸೇಕ್ರಲ್ ಥೆರಪಿ ಮಾಡುವವರು ಸುಮಾರು ಐದು ಗ್ರಾಂ ಭಾರದಷ್ಟು ಮಾತ್ರ ಒತ್ತುತ್ತೇವೆ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದ ಲಯವನ್ನು ಬೆರಳಲ್ಲಿ ಗ್ರಹಿಸುತ್ತೇವೆ ಎನ್ನುತ್ತಾರೆ. ಈ ಮಾತನ್ನು ಪರೀಕ್ಷಿಸಲು ಒಬ್ಬರದೇ ಲಯವನ್ನು ಬೇರೆಬೇರೆ ಪರಿಣತರಿಂದ ಎಣಿಕೆ ಮಾಡಿಸಿದ ಅಧ್ಯಯನಗಳು 1990ರ ದಶಕದಲ್ಲಿ ನಡೆದವು. ಎಣಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಇಬ್ಬರು ವೈದ್ಯರು ಒಂದೇ ನಾಡಿಯನ್ನು ಎಣಿಸಿದರೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ಬರದಿದ್ದರೆ ಎಣಿಸುತ್ತಿರುವುದು ಏನನ್ನು ಎಂದು ಕೇಳಲೇಬೇಕಾಗುತ್ತದೆ.

ತಪ್ಪು ಕಲ್ಪನೆ 3: ಎಳೆಯದರಲ್ಲಿ ಸರಿಯಾಗಿ ಎಣ್ಣೆ ತಿಕ್ಕಲಿಲ್ಲ, ತಾಯಿ ಎತ್ತಿ ಆಡಿಸಲಿಲ್ಲ. ಅದಕ್ಕೇ ಹೀಗಾಯಿತು.

ವಾಸ್ತವ: ಈ ಮಾತು ನಮ್ಮ ಬಾಣಂತಿ ಕೋಣೆಗಳಲ್ಲಷ್ಟೇ ಅಲ್ಲ, ಒಂದು ಕಾಲದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಕೇಳುತ್ತಿತ್ತು. 1943ರಲ್ಲಿ ಹನ್ನೊಂದು ಮಕ್ಕಳ ವಿವರ ಕೊಟ್ಟು ಆಟಿಸಂ ಬಗ್ಗೆ ಬರೆದ ಲಿಯೋ ಕ್ಯಾನರ್, ಆ ಮಕ್ಕಳ ತಂದೆತಾಯಿಯರಲ್ಲಿ ಮಮತೆಯ ಬಿಸುಪು ಕಡಿಮೆ ಎಂದೂ ಸೂಚಿಸಿದ್ದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನು ಹಿಗ್ಗಿಸಿ ಪುಸ್ತಕವನ್ನೇ ಬರೆದರು. ಒಂದು ತಲೆಮಾರಿನ ತಾಯಂದಿರು ಅಪರಾಧಿಗಳಂತೆ ಬದುಕಿದರು.

ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಈ ವಾದವನ್ನು ಪ್ರಶ್ನಿಸಿ, ಕಾರಣ ದೈಹಿಕವಾದದ್ದು ಎಂದು ಬರೆದಿದ್ದರು. ಕೊನೆಗೆ 1969ರಲ್ಲಿ ಹೆತ್ತವರ ಸಭೆಯೊಂದರಲ್ಲಿ ಕ್ಯಾನರ್ ಅವರೇ ತಂದೆತಾಯಿಯರನ್ನು ದೋಷಮುಕ್ತರೆಂದು ಸಾರಿದರು. ಎಣ್ಣೆ ತಿಕ್ಕಿಸಿಕೊಂಡು ಬೆಳೆದವರಲ್ಲೂ ಆಟಿಸಂ ಇದೆ, ತಿಕ್ಕಿಸಿಕೊಳ್ಳದವರಲ್ಲೂ ಇದೆ. ಇನ್ನಾದರೂ ಸೊಸೆಯ ಮೇಲೆ ಈ ಆರೋಪ ಹೊರಿಸುವುದು ನಿಲ್ಲಬೇಕು.

ತಪ್ಪು ಕಲ್ಪನೆ 4: ಆಟಿಸಂ ಇರುವ ಮಕ್ಕಳಿಗೆ ಮುಟ್ಟಿದರೆ ಆಗುವುದಿಲ್ಲ.

ವಾಸ್ತವ: ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಬಹಳ ಬೇಕು. ಹಲವರಿಗೆ ಒಂದು ಬಗೆಯ ಸ್ಪರ್ಶ ಬೇಡ, ಇನ್ನೊಂದು ಬಗೆಯದು ಬೇಕು. ಇಂದ್ರಿಯಗಳ ಅನುಭವ ವಿಪರೀತ ಹೆಚ್ಚಿರುವುದು ಅಥವಾ ತೀರಾ ಕಡಿಮೆ ಇರುವುದು ಆಟಿಸಂ ಲಕ್ಷಣಗಳಲ್ಲೊಂದು ಎಂದು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಸೇರಿಸಿತು. ಅಂಗಿಯ ಕಾಲರಿನ ಲೇಬಲ್ ಚುಚ್ಚಿತೆಂದು ರಂಪ ಮಾಡುವ ಮಗುವೇ ಸೋಫಾದ ದಿಂಬುಗಳ ಅಡಿಯಲ್ಲಿ ತೂರಿಕೊಂಡು ಸುಮ್ಮನೆ ಮಲಗಬಹುದು. ಹಗುರ ಸ್ಪರ್ಶ ಕಿರಿಕಿರಿ, ಗಟ್ಟಿ ಒತ್ತಡ ನೆಮ್ಮದಿ.

ಇದನ್ನು ಒಳಗಿನಿಂದ ವಿವರಿಸಿದವರು ಟೆಂಪಲ್ ಗ್ರ್ಯಾಂಡಿನ್. ಸ್ವತಃ ಆಟಿಸಂ ಇರುವ ಇವರು ಅಮೆರಿಕದ ಕೊಲರಾಡೋದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿ. ಚಿಕ್ಕವರಿದ್ದಾಗ ಅಪ್ಪುಗೆ ಬೇಕೆನಿಸುತ್ತಿತ್ತು, ಯಾರಾದರೂ ಅಪ್ಪಿದರೆ ತಡೆಯಲಾಗುತ್ತಿರಲಿಲ್ಲ. ಚಿಕ್ಕಮ್ಮನ ದನದ ಫಾರ್ಮಿನಲ್ಲಿ, ಲಸಿಕೆ ಹಾಕುವಾಗ ದನಗಳನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಚೌಕಟ್ಟನ್ನು ಕಂಡು, ಹದಿನೆಂಟರ ವಯಸ್ಸಿನಲ್ಲಿ ತಮಗೂ ಅಂಥದೊಂದನ್ನು ಕಟ್ಟಿಕೊಂಡರು. ಒತ್ತಡ ಎಷ್ಟಿರಬೇಕು, ಯಾವಾಗ ನಿಲ್ಲಬೇಕು ಎಂಬ ಹಿಡಿಕೆ ಅವರ ಕೈಯಲ್ಲೇ ಇತ್ತು. ಆ ಯಂತ್ರ ಅವರಿಗೆ ಹಿತವಾದದ್ದರ ಗುಟ್ಟು ಅರ್ಧ ಅಲ್ಲಿದೆ.

ತಪ್ಪು ಕಲ್ಪನೆ 5: ಮೊದಮೊದಲು ಅಳುತ್ತದೆ. ಗಟ್ಟಿಯಾಗಿ ಹಿಡಿದು ಮಾಡಿದರೆ ಅಭ್ಯಾಸವಾಗುತ್ತದೆ.

ವಾಸ್ತವ: ಈ ಪಟ್ಟಿಯಲ್ಲಿ ಅತಿ ಕೆಟ್ಟ ಕಲ್ಪನೆ ಇದೇ. ದೊಡ್ಡವರೂ ಇದರಲ್ಲಿ ಜಾರಿದ್ದಾರೆ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ನಿಕೋ ಟಿನ್‌ಬರ್ಗೆನ್, ತಮ್ಮ ನೊಬೆಲ್ ಉಪನ್ಯಾಸದಲ್ಲಿ ಆಟಿಸಂ ಬಗ್ಗೆಯೂ ಮಾತಾಡಿದರು. ಹತ್ತು ವರ್ಷದ ಬಳಿಕ ಪತ್ನಿಯೊಂದಿಗೆ ಬರೆದ ಪುಸ್ತಕದಲ್ಲಿ, ಮಗು ಎಷ್ಟೇ ಕೊಸರಾಡಿದರೂ ತಾಯಿ ಬಿಗಿಯಾಗಿ ಅಪ್ಪಿ ಹಿಡಿದಿರುವ ‘ಹೋಲ್ಡಿಂಗ್ ಥೆರಪಿ’ಯನ್ನು ಎತ್ತಿಹಿಡಿದರು. ಅದಕ್ಕೆ ಪುರಾವೆ ಸಿಗಲಿಲ್ಲ. ಆ ಪದ್ಧತಿಯಿಂದ ಹೆದರಿದ ಮಕ್ಕಳು ಮಾತ್ರ ಉಳಿದರು. ಒಂದು ಕ್ಷೇತ್ರದಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿ ಇನ್ನೊಂದು ಕ್ಷೇತ್ರದ ಮಾತನ್ನು ಸತ್ಯ ಮಾಡುವುದಿಲ್ಲ.

ಮಾತು ಬಾರದ ಮಗುವೂ ಬೇಡ ಎಂದು ಹೇಳುತ್ತದೆ. ಕೈ ತಳ್ಳುವುದು, ಮುಖ ತಿರುಗಿಸುವುದು, ಮೈ ಸೆಟೆಸುವುದು, ಉಸಿರು ಬಿಗಿಹಿಡಿಯುವುದು, ಎದ್ದು ಹೋಗುವುದು ಎಲ್ಲವೂ ಬೇಡ ಎಂಬುದರ ರೂಪಗಳೇ. ಕದಲದೆ ಮಲಗಿರುವುದೆಲ್ಲ ಒಪ್ಪಿಗೆಯಲ್ಲ. ಹೆದರಿಕೆಯಿಂದಲೂ ಮಕ್ಕಳು ಹಾಗೆ ಮರಗಟ್ಟುತ್ತಾರೆ. ಕೈ ತೆಗೆದು ಸ್ವಲ್ಪ ಕಾದು ನೋಡಿ. ಮಗು ನಿಮ್ಮ ಕೈಯನ್ನು ಎಳೆದುಕೊಂಡರೆ, ಪಾದ ಮುಂದೆ ಚಾಚಿದರೆ ಅದು ಒಪ್ಪಿಗೆ. ಇದರಲ್ಲಿ ಇನ್ನೊಂದು ಮಾತೂ ಇದೆ. ಯಾರು ಮುಟ್ಟಿದರೂ ಸಹಿಸಿಕೊಂಡಿರಬೇಕು ಎಂದು ಕಲಿತ ಮಗುವಿಗೆ ಕೆಟ್ಟ ಕೈಯನ್ನು ತಳ್ಳುವುದಕ್ಕೂ ಬರುವುದಿಲ್ಲ.

ತಪ್ಪು ಕಲ್ಪನೆ 6: ಮಸಾಜ್‌ನಿಂದ ಆಟಿಸಂ ಗುಣವಾಗುತ್ತದೆಂದು ಸಂಶೋಧನೆಗಳು ಸಾಬೀತು ಮಾಡಿವೆ.

ವಾಸ್ತವ: ಸಂಶೋಧನೆಗಳು ನಡೆದಿರುವುದು ನಿಜ. ಅವು ಏನು ಹೇಳಿವೆ, ಎಷ್ಟು ಹೇಳಿವೆ ಎಂದು ನೋಡಬೇಕು. ಮಯಾಮಿ ವಿಶ್ವವಿದ್ಯಾಲಯದಲ್ಲಿ ಟಿಫನಿ ಫೀಲ್ಡ್ ಕಟ್ಟಿದ ಸ್ಪರ್ಶ ಸಂಶೋಧನಾ ಸಂಸ್ಥೆಯಿಂದ 2001ರಲ್ಲಿ ಒಂದು ಅಧ್ಯಯನ ಬಂತು. 3ರಿಂದ 6 ವರ್ಷದ 20 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಹೆತ್ತವರೇ ಕಲಿತು ಮಲಗುವ ಮುನ್ನ 15 ನಿಮಿಷ ಮಸಾಜ್ ಮಾಡಿದರು. ಉಳಿದವರಿಗೆ ಅಷ್ಟೇ ಹೊತ್ತು ಕಥೆ ಓದಿದರು. ತಿಂಗಳ ಕೊನೆಗೆ ಮಸಾಜ್ ಪಡೆದವರಲ್ಲಿ ನಿದ್ದೆಯ ತೊಂದರೆ ಕಡಿಮೆಯಾಗಿತ್ತು, ಶಾಲೆಯಲ್ಲಿ ಆಟದ ಹೊತ್ತಿನ ಒಡನಾಟ ಸುಧಾರಿಸಿತ್ತು. ಥಾಯ್ಲೆಂಡಿನಲ್ಲಿ 2009ರಲ್ಲಿ 60 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಇಂದ್ರಿಯಾನುಭವಗಳನ್ನು ಹೊಂದಿಸಿಕೊಳ್ಳಲು ನೆರವಾಗುವ ಸೆನ್ಸರಿ ಇಂಟಿಗ್ರೇಷನ್ ಥೆರಪಿಯ ಜೊತೆಗೆ ಥಾಯ್ ಮಸಾಜ್ ಕೊಟ್ಟಾಗ ನಿದ್ದೆ ಉತ್ತಮಗೊಂಡಿತು. ಅಮೆರಿಕದ ಆರೆಗಾನ್‌ನಲ್ಲಿ ಲೂಯಿಸಾ ಸಿಲ್ವಾ ಹೆತ್ತವರಿಗೇ ಚಿಗಾಂಗ್ ಮಸಾಜ್ ಕಲಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 103 ಮಕ್ಕಳಿದ್ದರು. ಸ್ಪರ್ಶದ ತೊಂದರೆಗಳು ಇಳಿದವೆಂದು ಅದರಲ್ಲಿ ವರದಿಯಾಯಿತು.

ಇಂಥ ಅಧ್ಯಯನಗಳಲ್ಲಿ ಬಹುಪಾಲಿನಲ್ಲಿ ಒಂದು ಕೊರತೆ ಇದೆ. ಮಸಾಜ್ ಮಾಡಿದವರು ಹೆತ್ತವರೇ, ಮಗು ಸುಧಾರಿಸಿದೆಯೇ ಎಂದು ಅಂಕ ಹಾಕಿದವರೂ ಅನೇಕ ಕಡೆ ಅವರೇ. ತಿಂಗಳುಗಟ್ಟಲೆ ಕಷ್ಟಪಟ್ಟವರ ಕಣ್ಣಿಗೆ ಫಲ ಕಾಣುವುದು ಸಹಜ. ಕೊರಿಯಾದ ಸಂಶೋಧಕರೊಂದಿಗೆ ಇಂಗ್ಲೆಂಡಿನ ಎಡ್ಜಾರ್ಡ್ ಅರ್ನ್ಸ್ಟ್ 2011ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದಾಗ ಒರೆಗೆ ಹಚ್ಚಲು ಯೋಗ್ಯವಾಗಿ ಉಳಿದದ್ದು ಆರು ಮಾತ್ರ. ಅವುಗಳಲ್ಲೂ ಪಕ್ಷಪಾತದ ಸಾಧ್ಯತೆ ಹೆಚ್ಚಿದ್ದರಿಂದ ಗಟ್ಟಿ ತೀರ್ಮಾನಕ್ಕೆ ಬರಲಾಗದು ಎಂದು ಅವರು ಬರೆದರು. ಕೆಲವು ಮಕ್ಕಳಿಗೆ ನಿದ್ದೆ ಮತ್ತು ನೆಮ್ಮದಿಗೆ ನೆರವಾದೀತು ಎಂಬಲ್ಲಿಗೆ ಪುರಾವೆ ನಿಲ್ಲುತ್ತದೆ. ಗುಣವಾಗುತ್ತದೆ ಎಂಬಲ್ಲಿಗೆ ಅದು ಹೋಗಿಯೇ ಇಲ್ಲ.

ತಪ್ಪು ಕಲ್ಪನೆ 7: ಅಧ್ಯಯನ ಯಾಕೆ ಬೇಕು? ಮಗು ಸುಧಾರಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ.

ವಾಸ್ತವ: ಕಂಡದ್ದು ಸುಳ್ಳಲ್ಲ. ಆದರೆ ಮಕ್ಕಳು ಬೆಳೆಯುತ್ತಾರೆ. ಆಟಿಸಂ ಇರುವವರೂ ತಮ್ಮದೇ ವೇಗದಲ್ಲಿ ಕಲಿಯುತ್ತಾರೆ. ಜೊತೆಗೆ ಸ್ಪೀಚ್ ಥೆರಪಿ, ಶಾಲೆ, ಮನೆಯವರ ಪಾಠ ಎಲ್ಲ ನಡೆದಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಹೆಸರು ಬರುವುದು ಕಾಗೆಗೆ.

ಇದಕ್ಕೊಂದು ಒಳ್ಳೆಯ ಪಾಠ ಸೀಕ್ರೆಟಿನ್ ಎಂಬ ಹಾರ್ಮೋನಿನದು. ಅದನ್ನು ಪಡೆದ ಮೂವರು ಮಕ್ಕಳು ಸುಧಾರಿಸಿದರೆಂದು 1998ರಲ್ಲಿ ವರದಿಯಾದಾಗ ಅಮೆರಿಕದ ಹೆತ್ತವರು ಅದಕ್ಕಾಗಿ ಮುಗಿಬಿದ್ದರು. ಮರುವರ್ಷ 60 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಸೀಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟರು. ಯಾರಿಗೆ ಯಾವುದೆಂದು ಮನೆಯವರಿಗೆ ತಿಳಿಸಿರಲಿಲ್ಲ. ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು. ಮದ್ದಿನಿಂದ ಹೆಚ್ಚಿನದೇನೂ ಆಗಿರಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ಶೇ. 69ರಷ್ಟು ಹೆತ್ತವರು ತಮಗೆ ಅದರಲ್ಲಿ ಆಸಕ್ತಿ ಇದೆ ಎಂದರು. ಆಸೆಯ ಬಲ ಅಷ್ಟು. ಅದನ್ನು ಗೇಲಿ ಮಾಡಬೇಕಾಗಿಲ್ಲ, ಅದರ ಮೇಲೆ ವ್ಯಾಪಾರ ಕಟ್ಟುವವರನ್ನು ಮಾತ್ರ ದೂರ ಇಡಬೇಕು.

ತಪ್ಪು ಕಲ್ಪನೆ 8: ಕೆನ್ನೆ, ತುಟಿ, ನಾಲಿಗೆ ತಿಕ್ಕಿದರೆ ಮಾತು ಬರುತ್ತದೆ.

ವಾಸ್ತವ: ನಾಲಿಗೆ ಹೊರಳಲೆಂದು ಬಜೆ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಹಳೆಯದು. ಈಗ ಅದೇ ನಂಬಿಕೆ ಬ್ರಷ್ಷು, ಕಂಪಿಸುವ ಸಾಧನಗಳ ರೂಪದಲ್ಲಿ ಕೆಲವು ಥೆರಪಿ ಕೇಂದ್ರಗಳಿಗೂ ಬಂದಿದೆ. ಮಾತನ್ನು ಬಿಟ್ಟು ಬರೀ ಬಾಯಿಯ ಸ್ನಾಯುಗಳಿಗೆ ಕೊಡುವ ವ್ಯಾಯಾಮಗಳನ್ನು 2009ರಲ್ಲಿ ಅಮೆರಿಕದ ತಜ್ಞರು ಪರಿಶೀಲಿಸಿದಾಗ, ಅವುಗಳಿಂದ ಮಾತು ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಆಟಿಸಂನಲ್ಲಿ ಮಾತು ತಡವಾಗುವುದು ಹೆಚ್ಚಾಗಿ ನಾಲಿಗೆಯ ಬಲ ಕಡಿಮೆಯಾಗಿ ಅಲ್ಲ. ಭಾಷೆ ಮತ್ತು ಸಂವಹನದ ದಾರಿ ಬೇರೆಯಾಗಿರುವುದರಿಂದ.

ಆ ದಾರಿಯನ್ನು ತೆರೆಯುವ ಕೆಲಸ ಸ್ಪೀಚ್ ಥೆರಪಿಸ್ಟ್‌ರದು. ಚಿತ್ರದ ಕಾರ್ಡು, ಸನ್ನೆ, ಟ್ಯಾಬ್ಲೆಟ್ ಯಾವುದರಿಂದಲಾದರೂ ಮಗು ತನಗೆ ಬೇಕಾದ್ದನ್ನು ಕೇಳುವಂತಾಗಬೇಕು. ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳ ಪರೀಕ್ಷೆ, ಮಾರ್ಗದರ್ಶನ ಎರಡೂ ಸಿಗುತ್ತವೆ.

ತಪ್ಪು ಕಲ್ಪನೆ 9: ಕೈಯಿಂದ ಮಾಡುವುದು ತಾನೆ? ಫಲ ಸಿಗದಿದ್ದರೂ ಹಾನಿಯಂತೂ ಇಲ್ಲ.

ವಾಸ್ತವ: ಮೃದುವಾಗಿ ಮೈ ನೀವುವುದರಲ್ಲಿ ಹಾನಿ ಅಪರೂಪ. ಕತ್ತು ಮತ್ತು ಬೆನ್ನುಮೂಳೆಗೆ ಕೈ ಹಾಕಿದಾಗ ಮಾತು ಬೇರೆಯಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕ್ರೇನಿಯೋಸೇಕ್ರಲ್ ಹೆಸರಿನಲ್ಲಿ ಕತ್ತು, ಬೆನ್ನನ್ನು ಬಗ್ಗಿಸಿದ ಬಳಿಕ ಮೂರು ತಿಂಗಳ ಕೂಸೊಂದು ಸತ್ತ ಪ್ರಕರಣ 2009ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. 2019ರಲ್ಲಿ ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಯನ್ನು ತಿರುಚುವ ಚಿಕಿತ್ಸೆಯನ್ನು ತಡೆಹಿಡಿಯಿತು.

ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ ಇತರರಿಗಿಂತ ಹೆಚ್ಚು. ಡೌನ್ ಸಿಂಡ್ರೋಮ್ ಕೂಡ ಇದ್ದರೆ ಕತ್ತಿನ ಕೀಲು ಸಡಿಲವಿರಬಹುದು. ಅಂಥ ಕತ್ತನ್ನು ತಿರುಚುವುದು ಬೆನ್ನುಹುರಿಗೇ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ನೋವಾಗುತ್ತಿದೆ ಎಂದು ಹೇಳಲು ಎಷ್ಟೋ ಮಕ್ಕಳಿಗೆ ಮಾತಿಲ್ಲ. ಆದ್ದರಿಂದ ಕತ್ತಿನ ಲಟಿಕೆ ತೆಗೆಯಲು ಯಾರಿಗೂ ಬಿಡಬೇಡಿ. ಮಕ್ಕಳ ವೈದ್ಯರಿಗೆ ತಿಳಿಸದೆ ಏನನ್ನೂ ಶುರುಮಾಡಬೇಡಿ. ತಂದೆತಾಯಿ ಹೊರಗೆ ಕೂರಬೇಕು, ಬಾಗಿಲು ಹಾಕಬೇಕು ಎನ್ನುವ ಜಾಗಕ್ಕೆ ಮಗುವನ್ನು ಕರೆದೊಯ್ಯಲೇಬೇಡಿ.

ತಪ್ಪು ಕಲ್ಪನೆ 10: ಇದೊಂದು ಮಾಡಿಸಿದರೆ ಬೇರೆ ಥೆರಪಿ ಬೇಕಾಗಿಲ್ಲ.

ವಾಸ್ತವ: ಮಸಾಜ್ ಎಂದಿಗೂ ಜೊತೆಗಿರಬೇಕಾದದ್ದು, ಬದಲಿಗೆ ಬರಬೇಕಾದದ್ದಲ್ಲ. ಮೊದಲ ಕೆಲವು ವರ್ಷಗಳು ಮಗುವಿನ ಕಲಿಕೆಗೆ ಬಹಳ ಬೆಲೆಯುಳ್ಳವು. ಅವನ್ನೂ ಸಾಲ ಮಾಡಿದ ಹಣವನ್ನೂ ದೂರದೂರಿನ ಸಿಟ್ಟಿಂಗ್‌ಗಳಿಗೆ ಸುರಿದರೆ ಸಂವಹನ, ಸ್ವಂತ ಕೆಲಸ, ಶಾಲೆಯ ತಯಾರಿ ಹಿಂದೆ ಬೀಳುತ್ತವೆ.

ಯಾರ ಬಳಿ ಹೋಗುತ್ತಿದ್ದೇವೆ ಎಂಬುದನ್ನೂ ವಿಚಾರಿಸಬೇಕು. ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರಿಗೆ 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಗಳನ್ನು 2021ರ ಕಾಯ್ದೆಯೊಂದು ನಿಯಂತ್ರಣಕ್ಕೆ ತಂದಿದೆ. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಡಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು.

ತಪ್ಪು ಕಲ್ಪನೆ 11: ಪರಿಣತರೇ ಮಾಡಬೇಕು, ಮನೆಯವರ ಕೈಯಲ್ಲಿ ಆಗದು.

ವಾಸ್ತವ: ಮೇಲೆ ಹೇಳಿದ ಮಯಾಮಿ ಮತ್ತು ಆರೆಗಾನ್ ಅಧ್ಯಯನಗಳಲ್ಲಿ ಮಸಾಜ್ ಮಾಡಿದ್ದು ಹೆತ್ತವರೇ. ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಫಿಸಿಯೋಥೆರಪಿಸ್ಟ್‌ರಿಂದ ಒಮ್ಮೆ ಕಲಿತುಕೊಂಡರೆ ಸಾಕು. ರಾತ್ರಿ ಮಲಗುವ ಮುನ್ನ, ಮಂದ ಬೆಳಕಿನಲ್ಲಿ, ಟಿವಿ ಆರಿಸಿ, 10ರಿಂದ 15 ನಿಮಿಷ. ಪಾದ, ಕಾಲು, ಬೆನ್ನು, ಕೈ ಹೀಗೆ ದಿನವೂ ಒಂದೇ ಕ್ರಮವಿರಲಿ. ಮುಂದೇನು ಎಂಬುದು ಗೊತ್ತಿದ್ದರೆ ಮಗು ಗಾಬರಿಯಾಗುವುದಿಲ್ಲ. ಬೆರಳ ತುದಿಯಿಂದ ಸವರುವುದಕ್ಕಿಂತ ಅಂಗೈಯಿಂದ ನಿಧಾನವಾಗಿ, ಸ್ವಲ್ಪ ಬಿಗಿಯಾಗಿ ಒತ್ತುವುದನ್ನು ಅನೇಕ ಮಕ್ಕಳು ಇಷ್ಟಪಡುತ್ತಾರೆ. ಎಣ್ಣೆಯ ಜಿಡ್ಡು ಅಥವಾ ವಾಸನೆ ಹಿಡಿಸದಿದ್ದರೆ ಬಟ್ಟೆಯ ಮೇಲಿನಿಂದಲೇ ಮಾಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಜ್ವರ, ಚರ್ಮದ ಗಾಯ, ಮೂಳೆಯ ತೊಂದರೆ ಇದ್ದಾಗ ಬೇಡ.

ನಿದ್ದೆ ಎಷ್ಟು ಹೊತ್ತಿಗೆ ಬಂತು, ನಡುರಾತ್ರಿ ಎಷ್ಟು ಸಲ ಎದ್ದಿತು ಎಂದು ಶುರುಮಾಡುವ ಮುಂಚೆ ಎರಡು ವಾರ, ಆಮೇಲೆ ಒಂದು ತಿಂಗಳು ಬರೆದಿಡಿ. ವ್ಯತ್ಯಾಸ ಕಂಡರೆ ಮುಂದುವರಿಸಿ. ಕಾಣದಿದ್ದರೂ ಮಗುವಿಗೆ ಇಷ್ಟವಿದ್ದರೆ ಮುಂದುವರಿಸಿ. ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ, ಜೋಕಾಲಿ, ಈಜು, ಬೆಚ್ಚಗಿನ ನೀರಿನ ಸ್ನಾನ ಹೀಗೆ ಹಿತ ಕೊಡುವ ಬೇರೆ ದಾರಿಗಳೂ ಇವೆ.

ಕೊನೆಯದಾಗಿ ಹೆತ್ತವರಲ್ಲಿ ಒಂದು ವಿನಂತಿ. ಯಾವ ಕೇಂದ್ರಕ್ಕೆ ಹೋದರೂ ಮೂರು ಪ್ರಶ್ನೆ ಕೇಳಿ: ಇದರಿಂದ ನಿರ್ದಿಷ್ಟವಾಗಿ ಏನು ಬದಲಾಗಬೇಕು, ಎಷ್ಟು ದಿನದಲ್ಲಿ, ಆಗದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ನಿದ್ದೆ, ಆತಂಕ, ಮೈಯ ಬಿಗಿತ ಎಂಬ ಅಳೆಯಬಹುದಾದ ಉತ್ತರ ಬಂದರೆ ಯೋಚಿಸಿ. ಆಟಿಸಂ ಗುಣಪಡಿಸುತ್ತೇವೆ ಎಂಬ ಉತ್ತರ ಬಂದರೆ ಮಗುವಿನ ಕೈ ಹಿಡಿದು ಎದ್ದು ಬನ್ನಿ.